ವಿಮಾನದಲ್ಲಿ ಆತುರದ ಕೆಲಸ: ಲಕ್ಷಣ ನೋಡಿ ತಪ್ಪು ಹುಡುಕುವ ಕೈಪಿಡಿ

ವಿಮಾನದಲ್ಲಿ ಸ್ನ್ಯಾಗ್ (ದೋಷ) ಬಂದರೆ ಹುಡುಕುವ ಕ್ರಮ ನಮಗೆ ಗೊತ್ತು. ಲಕ್ಷಣ ನೋಡುತ್ತೇವೆ. ಸುಲಭದ ಪರೀಕ್ಷೆಯಿಂದ ಶುರು ಮಾಡುತ್ತೇವೆ. ಒಂದೊಂದೇ ಕಾರಣ ತೆಗೆದುಹಾಕುತ್ತಾ ಹೋಗುತ್ತೇವೆ. ಆತುರದಲ್ಲಿ ಮಾಡಿದ ಕೆಲಸದ ತಪ್ಪನ್ನೂ ಹೀಗೇ ಹುಡುಕಬಹುದು. ಅದಕ್ಕೂ ಲಕ್ಷಣಗಳಿವೆ. ಕಾಕ್‌ಪಿಟ್‌ನಲ್ಲಿ ಕೆಂಪು ದೀಪ ಹತ್ತುವುದಕ್ಕೆ ಎಷ್ಟೋ ಮೊದಲು ಅವು ಹ್ಯಾಂಗರ್ ನೆಲದ ಮೇಲೆ, ಟೂಲ್ ಬಾಕ್ಸ್‌ನಲ್ಲಿ, ಮಾಡಬೇಕಾದ ಕೆಲಸ ಬರೆದು ಸಹಿ ಹಾಕುವ ಟಾಸ್ಕ್ ಕಾರ್ಡ್‌ನಲ್ಲಿ ಕಾಣಿಸಿಕೊಂಡಿರುತ್ತವೆ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತದೆ ಗಾದೆ. ಈ ಕೆಲಸದಲ್ಲಿ ಆ ಗಾದೆಯನ್ನು ನಾನು ಒಪ್ಪುವುದಿಲ್ಲ. ಮುಂದೆ ಬರುವ ಪ್ರಕರಣಗಳಲ್ಲಿ ಕೈಯಿಟ್ಟವರು ದಡ್ಡರಲ್ಲ. ಲೈಸೆನ್ಸ್ ಇದ್ದವರು, ತಂಡ ನಡೆಸುತ್ತಿದ್ದವರು, ಕೆಲಸ ಬಲ್ಲವರು ಅವರಲ್ಲಿದ್ದರು. ಆತುರದ ಒಳಗಿದ್ದಾಗ ಅದು ಚುರುಕುತನದ ಹಾಗೇ ಅನಿಸುತ್ತದೆ. ಹಾಗಾಗಿ "ನಾನು ಅವಸರ ಮಾಡ್ತಿದ್ದೀನಾ?" ಅಂತ ಮನಸ್ಸನ್ನು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಕಣ್ಣಿಗೆ ಕಾಣುವ ಗುರುತು ಹಿಡಿದು ಹೋಗಬೇಕು.

ಬೆಂಗಳೂರಾಗಲಿ ಬೇರೆ ಊರಾಗಲಿ, ಲೈನ್ ಮೇಂಟೆನೆನ್ಸ್ ಮಾಡುವವರಿಗೆ ರಾತ್ರಿಯೇ ಹಗಲು. ಕೊನೆಯ ವಿಮಾನಗಳು ಬಂದು ನಿಲ್ಲುವುದು ಸರಿರಾತ್ರಿಗೆ, ಮೊದಲ ವಿಮಾನಗಳು ಹೊರಡುವುದು ಬೆಳಕು ಹರಿಯುವ ಹೊತ್ತಿಗೆ. ನಡುವಿನ ನಾಲ್ಕೈದು ಗಂಟೆಯಲ್ಲಿ ಎಲ್ಲ ಆಗಬೇಕು. ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರಿಂಗ್) ಓದುತ್ತಿರುವವರು, ಆ ಗಂಟೆಗಳಲ್ಲಿ ದುಡಿಯುವ ಟೆಕ್ನಿಷಿಯನ್‌ಗಳು, ಕೊನೆಗೆ ಸಹಿ ಹಾಕುವ ಎಂಜಿನಿಯರ್‌ಗಳು, ಇವರಿಗಾಗಿ ಇದನ್ನು ಬರೆದಿದ್ದೇನೆ. ವಿಮಾನ ತಯಾರಕರ ಮೇಂಟೆನೆನ್ಸ್ ಮ್ಯಾನ್ಯುಯಲ್‌ಗೆ ಇದು ಬದಲಿ ಅಲ್ಲ. ಮ್ಯಾನ್ಯುಯಲ್ ತೆರೆಯಬೇಕಾದ ಹೊತ್ತು ಯಾವುದು ಅಂತ ಗುರುತಿಸಲು ಇದು ಸಹಾಯ ಮಾಡಬಹುದು.

## ಮೊದಲು ನಿಮ್ಮ ಮೈಕೈ ನೋಡಿಕೊಳ್ಳಿ

ಏನೋ ತಪ್ಪಾಗಿದೆ ಅಂತ ಗೊತ್ತಾದ ತಕ್ಷಣ ಕೈಕಾಲು ಇನ್ನೂ ಜೋರಾಗಿ ಓಡುತ್ತವೆ. ಆಗಲೇ ಜಾಸ್ತಿ ಎಚ್ಚರ ಬೇಕು. ಲ್ಯಾಂಡಿಂಗ್ ಗೇರ್ ಹತ್ತಿರ ಹೋಗುವ ಮೊದಲು ಸೇಫ್ಟಿ ಪಿನ್ ಮತ್ತು ಬಾಗಿಲಿನ ಲಾಕ್ ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ. ಯಾರೋ ಹಾಕಿರುತ್ತಾರೆ ಅಂತ ನಂಬಬೇಡಿ. ಹೈಡ್ರಾಲಿಕ್ ಪ್ರೆಶರ್ ಇದ್ದರೆ ಫ್ಲ್ಯಾಪ್, ಸ್ಪಾಯ್ಲರ್, ರಡ್ಡರ್ ಯಾವುದೇ ಮುನ್ಸೂಚನೆ ಇಲ್ಲದೆ ಅಲುಗಬಹುದು. ಮೂಳೆ ಪುಡಿ ಮಾಡುವಷ್ಟು ಬಲ ಅವಕ್ಕಿದೆ. ಸರ್ಕ್ಯೂಟ್ ಬ್ರೇಕರ್ ಎಳೆದು, ಯಾರೂ ಮತ್ತೆ ಒತ್ತದ ಹಾಗೆ ಕಾಲರ್ ಹಾಕಿ, ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಯ ಟ್ಯಾಗ್ ಕಟ್ಟಿ. ಎಂಜಿನ್ ಕೌಲ್ (ಹೊರ ಹೊದಿಕೆ) ಎತ್ತಿದ್ದರೆ ಅದನ್ನು ಹಿಡಿದಿಡುವ ರಾಡ್‌ಗಳು ಸರಿಯಾಗಿ ಕೂತಿವೆಯಾ ನೋಡಿ. ಇಳಿದ ಮೇಲೆ ವೇಗ ತಗ್ಗಿಸುವ ಥ್ರಸ್ಟ್ ರಿವರ್ಸರ್ ಲಾಕ್ ಮಾಡದೆ ಅದರೊಳಗೆ ಕೈ ಹಾಕಬೇಡಿ.

ಇದಕ್ಕೆ ಕೆಲವು ನಿಮಿಷ ಬೇಕು. ತಡವಾಗಿದೆ ಅಂತ ಜನ ಮೊದಲು ಬಿಡುವುದೂ ಇವನ್ನೇ.

## ಲಕ್ಷಣ: ಕೆಲಸ ಮುಗಿದಿದೆ, ಟೂಲ್ ಬಾಕ್ಸ್‌ನಲ್ಲಿ ಒಂದು ಜಾಗ ಖಾಲಿ

ಅತಿ ಸುಲಭದ, ಖರ್ಚೇ ಇಲ್ಲದ ಪರೀಕ್ಷೆಯಿಂದ ಶುರು ಮಾಡೋಣ. ಟೂಲ್ ಎಣಿಸಿ. ಬೋರ್ಡ್ ಮೇಲೆ ಪ್ರತಿ ಟೂಲ್‌ನ ಆಕಾರ ಬರೆದಿರುವುದೇ ಇದಕ್ಕೆ. ಜೊತೆಗೆ ಒರೆಸುವ ಬಟ್ಟೆ, ಟಾರ್ಚ್, ಕನ್ನಡಿ, ಬ್ಲ್ಯಾಂಕ್‌ಗಳು (ತೂತುಗಳಿಗೆ ತಾತ್ಕಾಲಿಕವಾಗಿ ಹಾಕುವ ಮುಚ್ಚಳ), ಬಾಡಿಗೆಗೆ ಅಥವಾ ಬೇರೆ ತಂಡದಿಂದ ತಂದ ಟೂಲ್‌ಗಳು. ಈ ಕೊನೆಯವು ನಿಮ್ಮ ಬಾಕ್ಸ್‌ನಲ್ಲಿ ಇರುವುದಿಲ್ಲ, ಹಾಗಾಗಿ ಎಣಿಕೆಯಿಂದ ಜಾರುತ್ತವೆ.

ಒಂದು ಬೋಲ್ಟ್, ಒಂದು ವಾಷರ್ ಜಾಸ್ತಿ ಉಳಿದಿದ್ದರೂ ಇದೇ ಲಕ್ಷಣ. "ಸ್ಪೇರ್ ಇರಬೇಕು ಬಿಡಿ" ಅಂತ ಜೇಬಿಗೆ ಹಾಕಿಕೊಳ್ಳಬೇಡಿ. 2007ರ ಆಗಸ್ಟ್ 20ರಂದು ಜಪಾನಿನ ನಾಹಾ ನಿಲ್ದಾಣದಲ್ಲಿ ಚೈನಾ ಏರ್‌ಲೈನ್ಸ್‌ನ ಬೋಯಿಂಗ್ 737 ಇಳಿದು ನಿಂತ ಮೇಲೆ ಪೂರ್ತಿ ಸುಟ್ಟುಹೋಯಿತು. ರೆಕ್ಕೆಯ ಮುಂಚೂಣಿಯಲ್ಲಿ ಹೊರಗೆ-ಒಳಗೆ ಸರಿಯುವ ಸ್ಲ್ಯಾಟ್ ಎಂಬ ಭಾಗದ ಹಳಿಯ ಜೋಡಣೆಯಲ್ಲಿ ಒಂದು ವಾಷರ್ ಇರಲಿಲ್ಲ. ಬೋಲ್ಟ್ ಜೋಡಣೆ ಕಳಚಿ ಬಿತ್ತು. ಸ್ಲ್ಯಾಟ್ ಒಳಗೆ ಸರಿದಾಗ ಅದು ಇಂಧನ ಟ್ಯಾಂಕಿಗೆ ತೂತು ಮಾಡಿತು. ಒಳಗಿದ್ದ 165 ಜನರೂ ಬದುಕಿ ಹೊರಬಂದರು.

ಟೂಲ್ ಸಿಗಲಿಲ್ಲ ಅಂದರೆ? ವಿಮಾನ ಅಲುಗಬಾರದು. ಕಳೆದುಹೋದ ಟೂಲ್‌ಗೆ ಇರುವ ಕ್ರಮವನ್ನು ಆಗಲೇ ಶುರು ಮಾಡಬೇಕು. ಕ್ವಾಂಟಾಸ್‌ನ ಒಂದು ಎ380 ವಿಮಾನಕ್ಕೆ 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಂಜಿನ್ ಬೋರೋಸ್ಕೋಪ್ ಪರೀಕ್ಷೆ (ಸಣ್ಣ ಕ್ಯಾಮೆರಾ ತೂರಿಸಿ ಒಳಗೆ ನೋಡುವುದು) ಆಯಿತು. ಕಂಪ್ರೆಸರ್ ತಿರುಗಿಸಲು ಬಳಸಿದ 1.25 ಮೀಟರ್ ಉದ್ದದ ನೈಲಾನ್ ಟೂಲ್ ಎಂಜಿನ್ ಒಳಗೇ ಉಳಿಯಿತು. ಟೂಲ್ ವಾಪಸ್ ಬಂದಿಲ್ಲ ಅಂತ ಗೊತ್ತಾಗಿತ್ತು. ಆದರೂ ಹುಡುಕುವ ಕ್ರಮ ಶುರುವಾಗುವ ಮೊದಲೇ ವಿಮಾನವನ್ನು ಬಿಡುಗಡೆ ಮಾಡಿದರು. 2024ರ ಜನವರಿ 1ರಂದು ಲಾಸ್ ಏಂಜಲೀಸ್‌ನಲ್ಲೇ ಅದು ಸಿಗುವ ಹೊತ್ತಿಗೆ ವಿಮಾನ 34 ಬಾರಿ ಹಾರಿತ್ತು. ಒಂದು ಮೀಟರ್‌ಗಿಂತ ಉದ್ದದ್ದೇ ಕಣ್ಣಿಗೆ ಬೀಳದೆ ಉಳಿಯಿತು ಅಂದರೆ, 10 ಎಂಎಂ ಸಾಕೆಟ್ ಉಳಿಯುವುದು ಎಷ್ಟು ಸುಲಭ ಅಲ್ವಾ?

## ಲಕ್ಷಣ: ಭಾಗ ಕಣ್ಣಳತೆಗೆ ಸರಿ ಕಾಣುತ್ತದೆ, ನಂಬರ್ ನೋಡಿಲ್ಲ

ಈ ಲಕ್ಷಣದ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಬೇಕು. ಇಲ್ಲಿ ತಪ್ಪು ಮಾಡುವವರಿಗೆ ತಪ್ಪಾಗಿದೆ ಅನ್ನುವ ಅನುಮಾನವೇ ಬರುವುದಿಲ್ಲ.

1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ನ ಮಲಗಾಕ್ಕೆ ಹೊರಟಿತ್ತು. 17,300 ಅಡಿ ಎತ್ತರದಲ್ಲಿ ಕ್ಯಾಪ್ಟನ್ ಮುಂದಿನ ಗಾಜು ಕಿತ್ತುಹೋಯಿತು. ಗಾಳಿಯ ರಭಸಕ್ಕೆ ಕ್ಯಾಪ್ಟನ್ ಅರ್ಧ ದೇಹ ಹೊರಗೆ ಹೋಯಿತು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು. ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ವಿಮಾನ ಇಳಿಸಿದರು. ಕ್ಯಾಪ್ಟನ್ ಬದುಕಿದರು.

ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮೊದಲು ಬದಲಿಸಿದ್ದರು. ರಾತ್ರಿ ಪಾಳಿಯಲ್ಲಿ ಜನ ಕಡಿಮೆ ಇದ್ದದ್ದರಿಂದ ಶಿಫ್ಟ್ ಮ್ಯಾನೇಜರ್ ತಾವೇ ಆ ಕೆಲಸಕ್ಕೆ ಇಳಿದರು. ಬೆಳಗಿನ ಜಾವ ತೆಗೆದ ಹಳೆಯ ಬೋಲ್ಟ್‌ಗಳಲ್ಲಿ ಒಂದನ್ನು ಹಿಡಿದು, ಅದೇ ತರಹದ್ದನ್ನು ಹುಡುಕಿದರು. ಹಳೆಯದರ ನಂಬರ್ 7ಡಿ (ಅಂಕೆ ಉದ್ದಕ್ಕೆ, ಅಕ್ಷರ ದಪ್ಪಕ್ಕೆ). ಆ ಗಾಜಿಗೆ 8ಡಿ ಹಾಕಬೇಕು ಅಂತ ಸ್ಟೋರ್‌ನಲ್ಲಿದ್ದವರು ಹೇಳಿದರು. ಹಳೆಯದು 7ಡಿ ಇತ್ತಲ್ಲ, ಅದೇ ಇರಲಿ ಅಂತಾಯಿತು. ಅಲ್ಲಿ ಸಾಕಷ್ಟು 7ಡಿ ಇರಲಿಲ್ಲ. ಇನ್ನೊಂದು ಕಡೆ, ಬೆಳಕು ಸರಿ ಇಲ್ಲದ ಜಾಗದಲ್ಲಿ, ಕೈಯಲ್ಲಿದ್ದ ಬೋಲ್ಟ್‌ಗೆ ಹೋಲಿಸಿ ಆರಿಸಿಕೊಂಡರು. ಅಲ್ಲಿ ಸಿಕ್ಕಿದ್ದು 8ಸಿ.

ಒಟ್ಟು 90 ಬೋಲ್ಟ್‌ಗಳಲ್ಲಿ 84ರ ದಪ್ಪ 0.026 ಇಂಚು ಕಡಿಮೆ ಇತ್ತು. ಅಂದರೆ ಸುಮಾರು ಮುಕ್ಕಾಲು ಮಿಲಿಮೀಟರ್‌ಗಿಂತಲೂ ಕಡಿಮೆ ವ್ಯತ್ಯಾಸ. ಉಳಿದ ಆರು ದಪ್ಪದಲ್ಲಿ ಸರಿ, ಉದ್ದದಲ್ಲಿ 0.1 ಇಂಚು ಗಿಡ್ಡ. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಹಳೆಯ 7ಡಿ ಬೋಲ್ಟ್‌ಗಳೇ ತಪ್ಪಾಗಿದ್ದವು. ಹಿಂದೆ ಯಾರೋ ಗಿಡ್ಡ ಬೋಲ್ಟ್ ಹಾಕಿದ್ದರು, ಅವು ಹೇಗೋ ಹಿಡಿದಿದ್ದವು. ತೆಗೆದ ಭಾಗವೇ ಸರಿಯಾದ ಭಾಗ ಅಂತ ನಂಬಿದ್ದು ಮೊದಲ ಜಾರು, ಕಣ್ಣಳತೆ ಎರಡನೆಯದು.

ಇಲ್ಲಿ ಮಾಡಬೇಕಾದ ಪರೀಕ್ಷೆ ಹೀಗೆ. ಮೊದಲು ಚಿತ್ರ ಸಹಿತ ಬಿಡಿಭಾಗಗಳ ಕ್ಯಾಟಲಾಗ್ ತೆರೆದು ನಂಬರ್ ಓದಿ. ಆಮೇಲೆ ಪೊಟ್ಟಣದ ಚೀಟಿ ಓದಿ. ಎರಡನ್ನೂ ಜೋರಾಗಿ ಓದಿದರೆ ಇನ್ನೂ ಒಳ್ಳೆಯದು. ಚೀಟಿ ಇಲ್ಲದ ಡಬ್ಬಿಯಿಂದ ತೆಗೆದದ್ದನ್ನು ವಿಮಾನಕ್ಕೆ ಹಾಕಬೇಡಿ. ಇದಿಷ್ಟಕ್ಕೆ ಹತ್ತು ನಿಮಿಷ ಸಾಕು.

ಅದನ್ನು ಬಿಟ್ಟು ಮುಂದೆ ಹೋಗಿದ್ದರೂ ಕೈಗೆ ಗೊತ್ತಾಗುವ ಸೂಚನೆಗಳಿವೆ. ಬೋಲ್ಟ್ ಎಂದಿಗಿಂತ ಸಲೀಸಾಗಿ ಇಳಿಯುತ್ತಿದೆಯಾ? ಟಾರ್ಕ್ (ಬೇಕಾದಷ್ಟು ಬಿಗಿತ) ಆಯಿತು ಅಂತ ಟೂಲ್ ಹೇಳಿದ ಸದ್ದು ನಿಜಕ್ಕೂ ಟಾರ್ಕ್‌ನದ್ದೋ, ದಾರ ಜಾರಿದ್ದೋ? ಬೋಲ್ಟ್ ತಲೆ ತಗ್ಗಿನಲ್ಲಿ ಸಮನಾಗಿ ಕೂತಿದೆಯಾ, ಸುತ್ತ ಖಾಲಿ ಜಾಗ ಕಾಣುತ್ತಾ? ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಖಾಲಿ ಜಾಗ ಇತ್ತು. ಆದರೆ ಅವರು ಮೂತಿಯ ಮೇಲೆ ಚಾಚಿಕೊಂಡು ಕೆಲಸ ಮಾಡುತ್ತಿದ್ದರು. ಅವರ ಕೈಯೇ ಬೋಲ್ಟ್ ತಲೆಗೆ ಅಡ್ಡ ಬಂದಿತ್ತು. ಕೆಲಸ ಮಾಡಿದ ಜಾಗದಿಂದ ಇಳಿದು, ಸ್ಟ್ಯಾಂಡ್ ಸರಿಸಿ, ಎದುರಿನಿಂದ ಟಾರ್ಚ್ ಹಾಕಿ ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇದರ ಇನ್ನೊಂದು ಮುಖ, ಭಾಗ ಸುಮ್ನೆ ಕೂರುವುದಿಲ್ಲ. ಒತ್ತಬೇಕು, ಎಳೆಯಬೇಕು. 2001ರ ಆಗಸ್ಟ್ 24ರಂದು ಏರ್ ಟ್ರಾನ್ಸಾಟ್‌ನ ಎ330 ಅಟ್ಲಾಂಟಿಕ್ ಸಾಗರದ ಮೇಲೆ ಇಂಧನ ಸೋರಿ ಎರಡೂ ಎಂಜಿನ್ ಕಳೆದುಕೊಂಡಿತು. ಸುಮಾರು 19 ನಿಮಿಷ ತೇಲಿಕೊಂಡು ಬಂದು ಅಝೋರ್ಸ್ ದ್ವೀಪದಲ್ಲಿ ಇಳಿಯಿತು. ಅದಕ್ಕೆ ಕೆಲವು ದಿನ ಮೊದಲು ಬಲ ಎಂಜಿನ್ ಬದಲಿಸಿದ್ದರು. ಹೊಸ ಎಂಜಿನ್ ಹಳೆಯ ಮಾದರಿಯದ್ದು, ಅದಕ್ಕೆ ಹಾಕಿದ ಹೈಡ್ರಾಲಿಕ್ ಪಂಪ್ ಹೊಸ ಮಾದರಿಯದ್ದು. ಇಂಧನ ಕೊಳವೆಗೂ ಹೈಡ್ರಾಲಿಕ್ ಕೊಳವೆಗೂ ನಡುವೆ ಜಾಗ ಇರಲಿಲ್ಲ. ಕೊಳವೆಯನ್ನು ಹಿಡಿದು ಸರಿಸಿ ಬಿಗಿದಾಗ ಜಾಗ ಬಂದ ಹಾಗೆ ಕಂಡಿತು. ಪ್ರೆಶರ್ ಬಂದ ಮೇಲೆ ಕೊಳವೆ ತನ್ನ ಜಾಗಕ್ಕೆ ಮರಳಿ ಉಜ್ಜಿತು. ಇದರ ಬಗ್ಗೆ ತಯಾರಕರ ಸರ್ವಿಸ್ ಬುಲೆಟಿನ್ (ಸೂಚನಾ ಪತ್ರ) ಇತ್ತು. ಕಂಪ್ಯೂಟರ್ ತೊಂದರೆಯಿಂದ ಅದನ್ನು ತೆರೆಯಲು ಆಗಲಿಲ್ಲ, ಸಮಯವೂ ಇರಲಿಲ್ಲ.

ಕೈ ಬಿಟ್ಟರೆ ತನ್ನಷ್ಟಕ್ಕೆ ನಿಲ್ಲದ ಜೋಡಣೆ ಸರಿಯಾದ ಜೋಡಣೆ ಅಲ್ಲ. ಅಲ್ಲಿಗೇ ನಿಲ್ಲಿಸಿ, ಎಂಜಿನಿಯರಿಂಗ್ ವಿಭಾಗಕ್ಕೆ ಫೋನ್ ಮಾಡಿ. ದಾಖಲೆ ತೆರೆಯುತ್ತಿಲ್ಲ ಅನ್ನುವುದೂ ಒಂದು ಸ್ನ್ಯಾಗೇ. ಅದನ್ನು ಬಿಟ್ಟು ಮುಂದುವರಿಯುವ ಹಾಗಿಲ್ಲ.

## ಲಕ್ಷಣ: "ಬಹುತೇಕ ಮುಗಿದಿದೆ, ನೀವು ಮುಚ್ಚಿಬಿಡಿ"

ಶಿಫ್ಟ್ ಬದಲಾಗುವಾಗ ಈ ಮಾತು ಕೇಳಿದರೆ ಕಿವಿ ನಿಮಿರಬೇಕು. ಬಹುತೇಕ ಅಂದರೆ ಎಷ್ಟು? ಯಾವುದು ತೆಗೆದಿದೆ, ಯಾವುದು ಹಾಕಿದೆ, ಯಾವುದನ್ನು ಕೈಯಲ್ಲಿ ತಿರುಗಿಸಿ ಬಿಟ್ಟಿದೆ, ಟಾರ್ಕ್ ಆಗಿಲ್ಲ?

1991ರ ಸೆಪ್ಟೆಂಬರ್ 11ರಂದು ಅಮೆರಿಕದ ಟೆಕ್ಸಾಸ್‌ನಲ್ಲಿ, ಈಗಲ್ ಲೇಕ್ ಹತ್ತಿರ, ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ ಎಂಬ್ರೇಯರ್ 120 ವಿಮಾನ ಗಾಳಿಯಲ್ಲೇ ಮುರಿದು ಬಿತ್ತು. 14 ಜನ ಸತ್ತರು. ಹಿಂದಿನ ರಾತ್ರಿ ಹ್ಯೂಸ್ಟನ್‌ನ ಹ್ಯಾಂಗರ್‌ನಲ್ಲಿ ಬಾಲದ ಮೇಲಿನ ಸಮತಲ ರೆಕ್ಕೆಯ ಮುಂಚೂಣಿಯಲ್ಲಿ ಹಿಮ ತಡೆಯುವ ರಬ್ಬರ್ ಬದಲಿಸುವ ಕೆಲಸ ನಡೆದಿತ್ತು. ಸಂಜೆ ಪಾಳಿಯವರು ಎಡ, ಬಲ ಎರಡೂ ಕಡೆಯ ಮೇಲಿನ ಸ್ಕ್ರೂಗಳನ್ನು ತೆಗೆದರು. ರಾತ್ರಿ ಪಾಳಿಯವರು ಬಲಭಾಗದ ಕೆಲಸ ಮುಗಿಸಿದರು. ಎಡಭಾಗದ ಕೆಲಸ ಅವತ್ತು ಆಗಲಿಲ್ಲ. ಅಲ್ಲಿ ಮೇಲ್ಗಡೆಯ 47 ಸ್ಕ್ರೂ ತೆಗೆದಿದ್ದಾರೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಕೆಳಗಿನಿಂದ ನೋಡಿದರೆ ಕಾಣುವ ಜಾಗವೂ ಅದಲ್ಲ. ವಿಮಾನ ಬೆಳಿಗ್ಗೆ ಹಾರಾಟಕ್ಕೆ ಹೋಯಿತು.

ಸ್ಕ್ರೂ ಹಾಕಬೇಕಾದವರು ತಪ್ಪು ಮಾಡಿದರು ಅಂತ ಬೆರಳು ತೋರಿಸಿದರೆ ಇದು ಅರ್ಥವಾಗುವುದಿಲ್ಲ. ತೆಗೆದ ಕ್ಷಣದಲ್ಲೇ ಕಾಗದದ ಮೇಲೆ ಒಂದು ಸಾಲು ಬಿದ್ದಿದ್ದರೆ ಸಾಕಿತ್ತು. ಹಾಗಾಗಿ ಪರೀಕ್ಷೆ ಮಾಡಬೇಕಾದದ್ದು ಮೊದಲು ಕಾಗದವನ್ನು. ತೆಗೆದದ್ದಕ್ಕೆಲ್ಲ ತೆರೆದ ನಮೂದು ಇದೆಯಾ? ಆಮೇಲೆ ಕಾಲು: ಹೋಗುವವರು ಮತ್ತು ಬರುವವರು ಜೊತೆಯಾಗಿ ವಿಮಾನದ ಸುತ್ತ ನಡೆಯಬೇಕು. ಏಣಿ ಹತ್ತಬೇಕಾದಲ್ಲಿ ಇಬ್ಬರೂ ಹತ್ತಬೇಕು. ಹೋಗುವವರು ಆಗಲೇ ಮನೆಗೆ ಹೋಗಿದ್ದರೆ ಫೋನ್ ಮಾಡಿ ಎಬ್ಬಿಸಿ. ಸಂಕೋಚ ಬೇಡ. ಉತ್ತರ ಸಿಗಲಿಲ್ಲ ಅಂದರೆ ಕೆಲಸ ಆಗಿಲ್ಲ ಅಂತಲೇ ಇಟ್ಟುಕೊಂಡು ಪ್ಯಾನೆಲ್ ತೆರೆದು ಮೊದಲಿಂದ ನೋಡಿ.

ಹೊಸ ಹುಡುಗರಿಗೆ ಒಂದು ಮಾತು. ಪಕ್ಕದವರಿಗೆ ಸಹಾಯ ಮಾಡಲು ನಾಲ್ಕು ಸ್ಕ್ರೂ ಬಿಚ್ಚಿಕೊಟ್ಟರೂ ಅದು ಕೆಲಸವೇ. ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಸಣ್ಣ ಸಹಾಯಗಳು ಎಲ್ಲೂ ದಾಖಲಾಗುವುದಿಲ್ಲ. ಬರೆದೇ ಹೋಗಿ.

## ಲಕ್ಷಣ: ಒಂದಕ್ಕಿಂತ ಹೆಚ್ಚು ಎಂಜಿನ್‌ನಲ್ಲಿ ಒಂದೇ ದೋಷ

ಇದು ಪೈಲಟ್‌ಗಳಿಗೆ ಕಾಣುವ ಲಕ್ಷಣ. ಎರಡು ಎಂಜಿನ್‌ಗಳ ಆಯಿಲ್ ಒಟ್ಟಿಗೇ ಇಳಿಯುತ್ತಿದೆ. ಮೊದಲು ಬರುವ ಯೋಚನೆ, "ಮೀಟರ್ ಕೆಟ್ಟಿರಬೇಕು". ಎರಡು ಎಂಜಿನ್‌ ತಾವಾಗಿಯೇ ಒಂದೇ ಹೊತ್ತಿಗೆ ಕೆಡುವುದು ತೀರಾ ಅಪರೂಪ, ಅದು ನಿಜ. ಆದರೆ ಎರಡಕ್ಕೂ ಒಂದೇ ರಾತ್ರಿ ಒಂದೇ ಕೆಲಸ ಆಗಿದ್ದರೆ ಆ ಲೆಕ್ಕ ನಡೆಯುವುದಿಲ್ಲ.

1983ರ ಮೇ 5ರಂದು ಈಸ್ಟರ್ನ್ ಏರ್ ಲೈನ್ಸ್‌ನ ಎಲ್-1011 ಮಯಾಮಿಯಿಂದ ನಸ್ಸಾವ್‌ಗೆ ಹೊರಟಿತ್ತು. ಮೂರೂ ಎಂಜಿನ್‌ಗಳಲ್ಲಿ ಆಯಿಲ್ ಇಲ್ಲ ಅಂತ ಮೀಟರ್ ತೋರಿಸಿತು. ಸಿಬ್ಬಂದಿಗೆ ನಂಬಲಾಗಲಿಲ್ಲ. ಮೀಟರ್ ಹೇಳಿದ್ದು ನಿಜವಾಗಿತ್ತು. ಎಂಜಿನ್‌ಗಳು ಒಂದೊಂದಾಗಿ ನಿಂತವು. ಮೊದಲು ನಿಲ್ಲಿಸಿದ್ದ ಎಂಜಿನ್ ಮತ್ತೆ ಶುರು ಮಾಡಿ, ಅದೊಂದರ ಬಲದಲ್ಲೇ 172 ಜನರೊಂದಿಗೆ ಮಯಾಮಿಗೆ ವಾಪಸ್ ಬಂದು ಇಳಿದರು.

ಕಾರಣ, ಆಯಿಲ್‌ನಲ್ಲಿ ಲೋಹದ ಚೂರು ಹಿಡಿಯುವ ಚಿಪ್ ಡಿಟೆಕ್ಟರ್‌ಗಳನ್ನು ಹಿಂದಿನ ರಾತ್ರಿ ಬದಲಿಸುವಾಗ ಮೂರಕ್ಕೂ ಓ-ರಿಂಗ್ ಹಾಕಿರಲಿಲ್ಲ. ಗ್ಯಾಸ್ಕೆಟ್ ಇಲ್ಲದೆ ಕುಕ್ಕರ್ ಮುಚ್ಚಿದ ಹಾಗೆ. ಸಾಮಾನ್ಯವಾಗಿ ಅವರಿಗೆ ಓ-ರಿಂಗ್ ಹಾಕಿಟ್ಟ ಡಿಟೆಕ್ಟರ್‌ಗಳೇ ಸಿಗುತ್ತಿದ್ದವು. ಅವತ್ತು ಸ್ಟೋರ್‌ನಿಂದ ಬಂದವುಗಳಲ್ಲಿ ಇರಲಿಲ್ಲ. ಕೈ ಅಭ್ಯಾಸದಂತೆ ಕೆಲಸ ಮಾಡಿತು. ಸೋರಿಕೆ ನೋಡಲು ಎಂಜಿನ್ ತಿರುಗಿಸಿದರು ನಿಜ. ಸೋರಿಕೆ ಕಾಣುವಷ್ಟು ಹೊತ್ತು ತಿರುಗಿಸಲಿಲ್ಲ.

1995ರ ಫೆಬ್ರವರಿ 23ರಂದು ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಬ್ರಿಟಿಷ್ ಮಿಡ್‌ಲ್ಯಾಂಡ್‌ನ ಬೋಯಿಂಗ್ 737ರ ಎರಡೂ ಎಂಜಿನ್‌ಗಳಿಗೆ ರಾತ್ರಿ ಬೋರೋಸ್ಕೋಪ್ ಪರೀಕ್ಷೆ ನಡೆದಿತ್ತು. ಜನ ಕಡಿಮೆ, ಕೆಲಸ ನಡುವೆ ಕೈ ಬದಲಾಯಿತು. ಎರಡೂ ಎಂಜಿನ್‌ಗಳಲ್ಲಿ ರೋಟರ್ ತಿರುಗಿಸುವ ಜಾಗದ ಮುಚ್ಚಳ ವಾಪಸ್ ಹಾಕಲಿಲ್ಲ. ಕೊನೆಗೆ ಎಂಜಿನ್ ಓಡಿಸಿ ನೋಡಬೇಕಿತ್ತು, ಅದೂ ಆಗಲಿಲ್ಲ. ಹಾರಾಟದಲ್ಲಿ ಎರಡರ ಆಯಿಲೂ ಇಳಿಯಿತು. ಲೂಟನ್‌ನಲ್ಲಿ ಸುರಕ್ಷಿತವಾಗಿ ಇಳಿದರು.

ಎರಡೂ ಪ್ರಕರಣಗಳಲ್ಲಿ ಕೊನೆಯ ಸೋರಿಕೆ ಪರೀಕ್ಷೆಯನ್ನೇ ಆತುರ ನುಂಗಿತು. ಎಷ್ಟು ಹೊತ್ತು ಓಡಿಸಬೇಕು ಅಂತ ಮ್ಯಾನ್ಯುಯಲ್ ಹೇಳುತ್ತದೋ ಅಷ್ಟು ಓಡಿಸಿ, ಗಡಿಯಾರ ನೋಡಿ. ಓಡಿಸಿದ ಮೇಲೆ ಕೌಲ್ ಕೆಳಗೆ ಬಿಳಿ ಬಟ್ಟೆ ಹಿಡಿದು ಒರೆಸಿ ನೋಡಿ. ಮತ್ತೆ, ಮ್ಯಾನೇಜರ್‌ಗಳು ಓದುತ್ತಿದ್ದರೆ ಒಂದು ಕೋರಿಕೆ: ಎರಡು ಎಂಜಿನ್‌ಗೆ ಒಂದೇ ರಾತ್ರಿ ಒಂದೇ ಕೆಲಸವನ್ನು ಒಂದೇ ಕೈಗೆ ಕೊಡಬೇಡಿ. ಆಗದೇ ಇದ್ದರೆ ಸ್ವತಂತ್ರವಾಗಿ ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿ.

## ಲಕ್ಷಣ: ಒಂದೇ ಸಾಲನ್ನು ಮೂರು ಸಲ ಓದಿದ್ದೀರಿ

ರಾತ್ರಿ 2ರಿಂದ ಬೆಳಗಿನ 6ರವರೆಗೆ ಮೈ ತನ್ನಷ್ಟಕ್ಕೆ ನಿದ್ದೆಗೆ ಎಳೆಯುತ್ತದೆ. ಹಗಲು ಎಷ್ಟು ಮಲಗಿದ್ದರೂ ಈ ಇಳಿತ ಪೂರ್ತಿ ಹೋಗುವುದಿಲ್ಲ. ಕೆಲಸದ ಒತ್ತಡ ತಾರಕಕ್ಕೆ ಏರುವುದೂ ಇದೇ ಹೊತ್ತಿಗೆ. ಓದಿದ್ದು ತಲೆಗೆ ಹೋಗದಿರುವುದು, ಸ್ಪ್ಯಾನರ್ ಪದೇ ಪದೇ ಜಾರುವುದು, ಸಣ್ಣದಕ್ಕೆ ರೇಗುವುದು, ಇವು ಮುನ್ಸೂಚನೆಗಳು. ಕಾಫಿ ಕುಡಿಯಿರಿ, ಮುಖ ತೊಳೆಯಿರಿ. ಅಷ್ಟಕ್ಕೂ ಹೋಗದಿದ್ದರೆ ಸಹಿ ಹಾಕುವ ಕೆಲಸ ಮಾಡಬೇಡಿ, ಮೇಲಿನವರಿಗೆ ಹೇಳಿ.

ವಿರಾಮದಿಂದ ಮರಳುವಾಗ ಇನ್ನೊಂದು ಅಪಾಯ ಇದೆ. 2013ರ ಮೇ 24ರಂದು ಲಂಡನ್ ಹೀಥ್ರೋದಿಂದ ಓಸ್ಲೋಗೆ ಹೊರಟ ಬ್ರಿಟಿಷ್ ಏರ್‌ವೇಸ್ ಎ319ರ ಎರಡೂ ಎಂಜಿನ್‌ಗಳ ಫ್ಯಾನ್ ಕೌಲ್‌ಗಳು ಟೇಕಾಫ್‌ನಲ್ಲೇ ಕಿತ್ತು ಹಾರಿದವು. ಇಂಧನ ಕೊಳವೆಗೆ ಪೆಟ್ಟಾಗಿ ಬಲ ಎಂಜಿನ್‌ಗೆ ಬೆಂಕಿ ಹತ್ತಿತು. ವಿಮಾನ ಹೀಥ್ರೋಗೆ ಮರಳಿ ಇಳಿಯಿತು. ಹಿಂದಿನ ರಾತ್ರಿ ಟೆಕ್ನಿಷಿಯನ್‌ಗಳು ಕೌಲ್ ಇಳಿಸಿ, ಲ್ಯಾಚ್ ಹಾಕದೆ, ಆಯಿಲ್ ತುಂಬುವ ಉಪಕರಣ ತರಲು ಹೋಗಿದ್ದರು. ಆಮೇಲೆ ಮರಳಿ ಬಂದದ್ದು ಬೇರೆ ವಿಮಾನಕ್ಕೆ. ಅಲ್ಲಿ ಕೌಲ್‌ಗಳು ಮುಚ್ಚಿದ್ದವು. ಯಾರೋ ಮುಗಿಸಿರಬೇಕು ಅಂದುಕೊಂಡರು.

ಬಿಟ್ಟುಹೋದ ಕೆಲಸಕ್ಕೆ ಮರಳುವಾಗ ವಿಟಿ ಅಕ್ಷರಗಳಿಂದ ಶುರುವಾಗುವ ರಿಜಿಸ್ಟ್ರೇಷನ್ ಅನ್ನು ಬಾಯಿಬಿಟ್ಟು ಓದಿ, ಕಾರ್ಡ್ ಜೊತೆ ಹೋಲಿಸಿ. ನಿಮ್ಮ ನೆನಪಿಗಿಂತ ವಿಮಾನ ಬೇರೆ ಸ್ಥಿತಿಯಲ್ಲಿದ್ದರೆ, ಮೊದಲು ಕೇಳಬೇಕಾದ ಪ್ರಶ್ನೆ "ಇದು ಅದೇ ವಿಮಾನವಾ?" ಕೌಲ್ ಲ್ಯಾಚ್‌ಗಳು ಎಂಜಿನ್‌ನ ತಳದಲ್ಲಿ, ನೆಲಕ್ಕೆ ಹತ್ತಿರ ಇರುತ್ತವೆ. ನಿಂತು ನೋಡಿದರೆ ಕಾಣುವುದಿಲ್ಲ. ಮಂಡಿಯೂರಿ, ಬೇಕಾದರೆ ಮಲಗಿ ನೋಡಿ. ಮಳೆಯಲ್ಲಿ ಬಟ್ಟೆ ಕೊಳೆಯಾಗುತ್ತದೆ, ಆಗಲಿ.

## ಲಕ್ಷಣ: ಕಾರ್ಡ್‌ನಲ್ಲಿ ಸಹಿ ಇದೆ, ವಿಮಾನದಲ್ಲಿ ಕೆಲಸ ಕಾಣುವುದಿಲ್ಲ

1996ರ ಮೇ 11ರಂದು ವ್ಯಾಲುಜೆಟ್‌ನ ಡಿಸಿ-9 ಬೆಂಕಿ ಬಿದ್ದು ಫ್ಲೋರಿಡಾದ ಜೌಗಿನಲ್ಲಿ ಕುಸಿಯಿತು. ಒಳಗಿದ್ದ 110 ಜನರೂ ಸತ್ತರು. ಬೇರೆ ವಿಮಾನಗಳಿಂದ ತೆಗೆದ ಆಮ್ಲಜನಕ ಜನರೇಟರ್‌ಗಳು ಅದರ ಸರಕು ಕೋಣೆಯಲ್ಲಿದ್ದವು. ಅವು ತಾವಾಗಿ ಶುರುವಾಗಿ ಕಾಯದ ಹಾಗೆ, ತೆಗೆದ ತಕ್ಷಣ ಅವಕ್ಕೆ ಸೇಫ್ಟಿ ಕ್ಯಾಪ್ ಹಾಕಬೇಕು ಅಂತ ಕಾರ್ಡ್‌ನಲ್ಲಿತ್ತು. ಕ್ಯಾಪ್‌ಗಳೇ ಇರಲಿಲ್ಲ. ಸಹಿ ಬಿತ್ತು. ತಡವಾದರೆ ದಿನಕ್ಕಿಷ್ಟು ಅಂತ ಹಣ ಕಳೆದುಕೊಳ್ಳುವ ಒಪ್ಪಂದದ ಕೆಲಸ ಅದು.

ಸಾಮಾನು ಇಲ್ಲದ ಕಡೆ ಸಹಿ ಬೀಳುತ್ತಿದೆಯಾ? ಇದನ್ನು ಕಂಡುಹಿಡಿಯಲು ಸ್ಟೋರ್ ದಾಖಲೆಯನ್ನೂ ಕಾರ್ಡನ್ನೂ ಪಕ್ಕ ಪಕ್ಕ ಇಡಿ. ಕ್ಯಾಪ್ ಹಾಕಿದ್ದೇವೆ ಅನ್ನುವ ಕಾರ್ಡ್ ಇದೆ, ಕ್ಯಾಪ್ ತೆಗೆದುಕೊಂಡ ದಾಖಲೆ ಇಲ್ಲ ಅಂದರೆ ಉತ್ತರ ಸಿಕ್ಕಿತು. ಶಿಫ್ಟ್ ಕೊನೆಯಲ್ಲಿ ಒಟ್ಟಿಗೆ, ಒಂದೇ ಪೆನ್ನಿನಲ್ಲಿ, ಒಂದೇ ಸಮಯ ಹಾಕಿದ ಇಪ್ಪತ್ತು ಸಹಿ ಕಂಡರೂ ಅನುಮಾನ ಪಡಿ. ಸಾಮಾನು ಇಲ್ಲದಿದ್ದರೆ ಕಾರ್ಡ್ ತೆರೆದೇ ಇರಲಿ.

## ಲಕ್ಷಣ: "ನಮ್ಮಲ್ಲಿ ಹೀಗೇ ಮಾಡೋದು, ಬೇಗ ಆಗುತ್ತೆ"

ಇಲ್ಲಿಗೆ ಬಂದಾಗ ಒಬ್ಬ ಟೆಕ್ನಿಷಿಯನ್ ಕೈಯಲ್ಲಿ ಸರಿಯಾಗುವ ದೋಷ ಮುಗಿಯಿತು. ಆತುರ ಇಡೀ ಸಂಸ್ಥೆಯ ಅಭ್ಯಾಸವಾಗಿಬಿಟ್ಟಿದೆ.

1979ರ ಮೇ 25ರಂದು ಷಿಕಾಗೋದ ಓ'ಹೇರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ಟೇಕಾಫ್ ಆಗುತ್ತಿದ್ದಾಗ ಎಡ ಎಂಜಿನ್ ಅದನ್ನು ಹಿಡಿದಿದ್ದ ಪೈಲಾನ್ ಸಮೇತ ಕಿತ್ತುಹೋಯಿತು. ವಿಮಾನದಲ್ಲಿದ್ದ 271 ಜನ, ನೆಲದ ಮೇಲಿದ್ದ 2 ಜನ ಸತ್ತರು. ಎಂಟು ವಾರ ಹಿಂದೆ ಆ ಪೈಲಾನ್ ಕೆಲಸ ಆಗಿತ್ತು. ಮೊದಲು ಎಂಜಿನ್, ಆಮೇಲೆ ಪೈಲಾನ್ ತೆಗೆಯಬೇಕು ಅಂತ ತಯಾರಕರ ಕ್ರಮ. ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್ ಮೇಲೆ ಇಳಿಸಿದರೆ ಒಂದು ವಿಮಾನಕ್ಕೆ ಸುಮಾರು 200 ಮಾನವ-ಗಂಟೆ ಉಳಿಯುತ್ತಿತ್ತು. ಹಾಗೆ ಮಾಡುವಾಗ ಪೈಲಾನ್‌ನ ಹಿಂಭಾಗಕ್ಕೆ ಪೆಟ್ಟು ಬಿದ್ದು ಬಿರುಕು ಬಂತು. ಇನ್ನೊಂದು ವಿಮಾನ ಸಂಸ್ಥೆಯಲ್ಲೂ ಇದೇ ರೀತಿ ಮಾಡಿ ಇದೇ ಜಾಗಕ್ಕೆ ಹಾನಿ ಆಗಿತ್ತು. ರಿಪೇರಿ ಆಯಿತು, ಆದರೆ ಅದರ ಪಾಠ ಎಲ್ಲರಿಗೂ ತಲುಪಲಿಲ್ಲ. ಅಪಘಾತದ ನಂತರ ಹುಡುಕಿದಾಗ ಬೇರೆ ಡಿಸಿ-10ಗಳಲ್ಲೂ ಬಿರುಕು ಸಿಕ್ಕಿತು. ಜೂನ್ 6ರಂದು ಅಮೆರಿಕ ಆ ಮಾದರಿಯ ಹಾರಾಟವನ್ನೇ ತಡೆಹಿಡಿಯಿತು.

ಪರೀಕ್ಷೆ ಮಾಡುವ ಬಗೆ ಸರಳ, ಆದರೆ ಧೈರ್ಯ ಬೇಕು. ಮ್ಯಾನ್ಯುಯಲ್ ಕೈಯಲ್ಲಿ ಹಿಡಿದು ಕೆಲಸ ನಡೆಯುವ ಕಡೆ ನಿಲ್ಲಿ. ಸಾಲಿಗೂ ಕೈಗೂ ವ್ಯತ್ಯಾಸ ಕಂಡಲ್ಲಿ ಬರೆದುಕೊಳ್ಳಿ. ಬೇಗ ಆಗುವ ದಾರಿ ಕೆಲವೊಮ್ಮೆ ನಿಜಕ್ಕೂ ಒಳ್ಳೆಯದಿರಬಹುದು. ಹಾಗಿದ್ದರೆ ತಯಾರಕರನ್ನು ಕೇಳಿ, ಬರಹದಲ್ಲಿ ಒಪ್ಪಿಗೆ ತನ್ನಿ. ಒಪ್ಪಿಗೆ ಬರುವ ತನಕ ಹಳೆಯ ದಾರಿಯೇ ದಾರಿ. ನಿಮ್ಮ ಸೂಪರ್‌ವೈಸರ್ ಕೇಳದಿದ್ದರೆ ಕ್ವಾಲಿಟಿ ಅಥವಾ ಸೇಫ್ಟಿ ವಿಭಾಗಕ್ಕೆ ಹೋಗಿ. ಅಲ್ಲೂ ಆಗದಿದ್ದರೆ ಸರ್ಕಾರದ ವಿಮಾನಯಾನ ನಿಯಂತ್ರಕ ಡಿಜಿಸಿಎ ಇದೆ.

## ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಟೂಲ್ ಸಿಗದಿದ್ದಾಗ. ನಂಬರ್ ಹೊಂದದಿದ್ದಾಗ. ಭಾಗವನ್ನು ಒತ್ತಿ ಕೂರಿಸಬೇಕಾದಾಗ. ಹಿಂದಿನ ಶಿಫ್ಟ್ ಏನು ಮಾಡಿತು ಅಂತ ಗೊತ್ತಾಗದಿದ್ದಾಗ. ಫ್ಲೈಟ್ ಕಂಟ್ರೋಲ್ ಅಥವಾ ಎಂಜಿನ್ ಕೆಲಸಕ್ಕೆ ಎರಡನೆಯ ಕಣ್ಣು ಸಿಗದಿದ್ದಾಗ. ಇವುಗಳಲ್ಲಿ ಯಾವುದಾದರೂ ಒಂದು ಇದ್ದರೂ ಸಹಿ ಹಾಕಬೇಡಿ.

"ಪ್ಯಾಸೆಂಜರ್ ಬೋರ್ಡಿಂಗ್ ಆಗಿದೆ, ಇನ್ನೂ ಆಗಿಲ್ವಾ?" ಅಂತ ಯಾರೋ ರೇಡಿಯೋದಲ್ಲಿ ಕೇಳುತ್ತಾರೆ. ಅವರ ಕೆಲಸ ಅದು, ಕೇಳಲಿ. ಜಗಳ ಬೇಡ. "ಇಂಥ ಪರೀಕ್ಷೆ ಬಾಕಿ ಇದೆ, ಇಷ್ಟು ನಿಮಿಷ ಬೇಕು" ಅಂತ ಕೆಲಸದ ಹೆಸರು ಹಿಡಿದು, ಸಮಯ ಹೇಳಿ ಉತ್ತರಿಸಿ. "ನೋಡ್ತೀನಿ, ಟ್ರೈ ಮಾಡ್ತೀನಿ" ಅಂದರೆ ಒತ್ತಡ ಇನ್ನೂ ಏರುತ್ತದೆ. ಆ ಕಡೆಯವರಿಗೂ ಸರಿಯಾದ ಸಮಯ ಸಿಕ್ಕರೆ ಬೇರೆ ವ್ಯವಸ್ಥೆ ಮಾಡಲು ಅನುಕೂಲ. ಬಿಡುಗಡೆಯ ಸಹಿ ಲೈಸೆನ್ಸ್ ಇರುವ ಎಂಜಿನಿಯರ್‌ನದ್ದು. ಸ್ಟೇಷನ್ ಮ್ಯಾನೇಜರ್ ಎಷ್ಟೇ ದೊಡ್ಡವರಾದರೂ ಆ ಸಹಿಯನ್ನು ಅವರು ಹಾಕಲಾರರು, ನಿಮ್ಮಿಂದ ಹಾಕಿಸುವ ಹಕ್ಕೂ ಅವರಿಗಿಲ್ಲ.

## ವಿಮಾನ ಹೊರಟ ಮೇಲೆ ನೆನಪಾದರೆ

ಮನೆಗೆ ಹೋಗುವ ಕ್ಯಾಬ್‌ನಲ್ಲಿ ಥಟ್ಟನೆ ಹೊಳೆಯುತ್ತದೆ: ಆ ಮುಚ್ಚಳ ಹಾಕಿದೆನಾ? ಆಗ ನಿಮ್ಮನ್ನು ನೀವು ಸಮಾಧಾನ ಮಾಡಿಕೊಳ್ಳುವುದರಲ್ಲಿ ಹೊತ್ತು ಕಳೆಯಬೇಡಿ. ತಕ್ಷಣ ಮೇಂಟೆನೆನ್ಸ್ ಕಂಟ್ರೋಲ್‌ಗೆ ಫೋನ್ ಮಾಡಿ. ವಿಮಾನ ಇನ್ನೂ ಟ್ಯಾಕ್ಸಿ ಮಾಡುತ್ತಿದ್ದರೆ ನಿಲ್ಲಿಸಬಹುದು. ಹಾರಿದ್ದರೆ ಸಿಬ್ಬಂದಿಗೆ ಸುದ್ದಿ ಮುಟ್ಟಿಸಬಹುದು. ಈಸ್ಟರ್ನ್ ವಿಮಾನದ ಪೈಲಟ್‌ಗಳಿಗೆ "ನಿಮ್ಮ ಮೂರೂ ಡಿಟೆಕ್ಟರ್‌ಗಳನ್ನು ನಿನ್ನೆ ರಾತ್ರಿ ಬದಲಿಸಿದ್ದಾರೆ" ಅನ್ನುವ ಒಂದು ಸಾಲು ಸಿಕ್ಕಿದ್ದರೆ ಮೀಟರನ್ನು ಬೇಗ ನಂಬುತ್ತಿದ್ದರೇನೋ.

ಫೋನ್‌ನಲ್ಲಿ ಹೇಳಬೇಕಾದದ್ದು ರಿಜಿಸ್ಟ್ರೇಷನ್, ಕಾರ್ಡ್ ನಂಬರ್, ಯಾವ ಭಾಗ, ಏನು ಅನುಮಾನ. ಖಚಿತವಾಗಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ. ಕ್ಷಮೆ, ಕಾರಣ ಎಲ್ಲ ಆಮೇಲೆ. ಮ್ಯಾನೇಜರ್ ಆಗಿದ್ದು ಇಂಥ ಫೋನ್ ನಿಮಗೆ ಬಂದರೆ ಮೊದಲು ಧನ್ಯವಾದ ಹೇಳಿ. ಬೈದರೆ ಮುಂದಿನ ಸಲ ಆ ಫೋನ್ ಬರುವುದಿಲ್ಲ.

ಆಮೇಲೆ ಅವತ್ತೇ, ನೆನಪು ಹಸಿಯಾಗಿರುವಾಗಲೇ, ವರದಿ ಬರೆಯಿರಿ. ಎಷ್ಟು ಗಂಟೆಗೆ ಕೆಲಸ ಶುರುವಾಯಿತು, ಎಷ್ಟು ಜನ ಇದ್ದರು, ಯಾವ ಸಾಮಾನು ಇರಲಿಲ್ಲ, ಯಾರು ಯಾವಾಗ ಕರೆದು ಕೆಲಸ ನಿಲ್ಲಿಸಿದರು, ಬೆಳಕು ಹೇಗಿತ್ತು, ಎಲ್ಲವೂ ಇರಲಿ. ಒಂದು ಪ್ರತಿ ಸೇಫ್ಟಿ ವಿಭಾಗಕ್ಕೆ. ಇನ್ನೊಂದನ್ನು ಮುಂದಿನ ರಾತ್ರಿ ಪಾಳಿಯವರ ಕೈಗೆ ಕೊಡಿ. ಅದೇ ಕೆಲಸ ಇವತ್ತು ಪಕ್ಕದ ವಿಮಾನದಲ್ಲಿ ಇರಬಹುದು.